ಕಂದು ಚುಕ್ಕೆಯ ಪೊಟ್ಟಣ

ನಮ್ಮ ಬೆಕ್ಕಿನ ಕೂದಲು ಮತ್ತೆ ಹೊಳೆಯತೊಡಗಿದ್ದು ನಾನು ಪೊಟ್ಟಣದ ಹಿಂಬದಿ ಓದಿದ್ದರಿಂದ ಎಂದು ಎರಡು ತಿಂಗಳು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಹೊಸನಗರದ ನಮ್ಮ ಬೀದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೆ.

ಅದಕ್ಕೂ ಮೊದಲು ಬೆಕ್ಕು ಸೊರಗಿತ್ತು. ಬೆನ್ನಿನ ಕೂದಲು ಹಳೆಯ ಚಾಪೆಯ ಎಳೆಯಂತೆ ಎದ್ದಿತ್ತು. ಹಾಲನ್ನದ ಜೊತೆ ಬೇರೆ ಏನಾದರೂ ಕೊಡೋಣವೆಂದು ಸಾಗರದ ಅಂಗಡಿಯೊಂದರಲ್ಲಿ ಅರ್ಧ ಗಂಟೆ ನಿಂತು ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ಓದಿದೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುವ ನನಗೆ ಮುಂಬದಿಯ ಚಿತ್ರಗಳಲ್ಲಿ ನಂಬಿಕೆಯಿಲ್ಲ. ಬಣ್ಣ ಬೆರೆಸಿದ್ದನ್ನು ಬಿಟ್ಟೆ, ಸಕ್ಕರೆ ಇದ್ದದ್ದನ್ನು ಬಿಟ್ಟೆ. ಆದರೆ ಅದಕ್ಕೂ ಮುಂಚೆ, ಒಂದಕ್ಷರ ಓದುವ ಮೊದಲೇ, ಮೀನು ಮಾಂಸವಿದೆ ಎಂದು ತಿಳಿಸುವ ಕಂದು ಚುಕ್ಕೆಯ ಪೊಟ್ಟಣಗಳನ್ನೆಲ್ಲ ಪಕ್ಕಕ್ಕೆ ಸರಿಸಿದ್ದೆ. ಅಂಥದ್ದು ಅಮ್ಮ ಇರುವ ಮನೆಯೊಳಗೆ ಬರುವಂತಿಲ್ಲ. ಕೊನೆಗೆ ಉಳಿದದ್ದು ಹಸಿರು ಚುಕ್ಕೆಯ ಒಂದೇ ಪೊಟ್ಟಣ: ಮೆಕ್ಕೆಜೋಳ, ಸೋಯಾ, ಅಕ್ಕಿತೌಡು, ಆಮೇಲೆ ವಿಟಮಿನ್ನುಗಳ ಉದ್ದನೆಯ ಸಾಲು. ಅದನ್ನು ನಾನು ವೈಜ್ಞಾನಿಕ ಆಯ್ಕೆ ಎಂದು ಕರೆದುಕೊಂಡೆ.

ನನ್ನ ಬಳಿ ಇನ್ನೊಂದು ಪುರಾವೆಯೂ ಇತ್ತು. ಚಿಕ್ಕಂದಿನಲ್ಲಿ ನಮ್ಮಲ್ಲಿದ್ದ ಹಳದಿ ಬೆಕ್ಕು ಬರೀ ಹಾಲನ್ನ ಉಂಡು ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಬದುಕಿತ್ತು. ಅಡುಗೆಮನೆ ಬಾಗಿಲಲ್ಲಿ ಅದಕ್ಕಿಡುತ್ತಿದ್ದ ಹಿತ್ತಾಳೆ ತಟ್ಟೆ ಈಗಲೂ ಕಣ್ಣಮುಂದಿದೆ.

ಪಕ್ಕದ ಮನೆಯವರು ನಿವೃತ್ತ ಬಸ್ ಡ್ರೈವರ್. ಹುಲಿಕಲ್ ಘಾಟಿಯಲ್ಲಿ ಬಸ್ ಇಳಿಸಿ ಹತ್ತಿಸಿಯೇ ತಲೆ ನರೆತವರು. ಅವರಿಗೂ ಪೊಟ್ಟಣದ ಮಹಿಮೆ ವಿವರಿಸಿದ್ದೆ. ತಾಳ್ಮೆಯಿಂದ ಕೇಳಿಸಿಕೊಂಡು, ಹೌದು, ಕೂದಲು ಚೆನ್ನಾಗಾಗಿದೆ ಎಂದಷ್ಟೇ ಹೇಳಿದ್ದರು.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವನು ಕಾಂಪೌಂಡಿನ ಆಚೆ ನೋಡಿದೆ. ಅವರ ಹಿತ್ತಿಲ ಮೆಟ್ಟಿಲ ಮೇಲೆ, ಬಾಳೆಲೆಯ ಚೂರಿನಲ್ಲಿಟ್ಟ ಮೀನನ್ನು ನಮ್ಮ ಬೆಕ್ಕು ಕಣ್ಣು ಮುಚ್ಚಿ ತಿನ್ನುತ್ತಿತ್ತು. ಹೊಸದಾಗಿ ಬಂದವರ ಅಳುಕು ಅದಕ್ಕಿರಲಿಲ್ಲ. ಅವರು ಬೇರೆಯದೇ ಒಂದು ಹೆಸರು ಹಿಡಿದು ಕರೆದರು. ಅದು ತಿರುಗಿ ನೋಡಿತು. ನಾನಿಟ್ಟ ಹೆಸರಿಗೆ ಅದು ಒಮ್ಮೆಯೂ ತಿರುಗಿದ್ದಿಲ್ಲ. ಎರಡು ತಿಂಗಳ ನನ್ನ ಹೆಮ್ಮೆಯೆಲ್ಲ ಅವರ ಮೀನಿನದೇ ಎಂದು ಹೊಳೆದ ಕೂಡಲೇ ಹೊಟ್ಟೆಯಲ್ಲಿ ನಿಜಕ್ಕೂ ಬೆಂಕಿ ಬಿದ್ದಂತಾಯಿತು.

ಮಾರನೆಯ ದಿನ ಅವರಲ್ಲಿಗೆ ಹೋದೆ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ, ಉಪ್ಪು ಒಳ್ಳೆಯದಲ್ಲ, ಮುಳ್ಳು ಗಂಟಲಿಗೆ ಸಿಕ್ಕೀತು ಎಂದೆಲ್ಲ ಹೇಳಿದೆ. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ನಾನು ಹೋಗಿದ್ದು ಬೆಕ್ಕಿನ ಆರೋಗ್ಯಕ್ಕಾಗಿ ಆಗಿರಲಿಲ್ಲ.

ಅವರು ಒಳಗಿನಿಂದ ಪುಟ್ಟ ಪಾತ್ರೆಯೊಂದನ್ನು ತಂದು ಮುಚ್ಚಳ ತೆಗೆದರು. ಬರೀ ನೀರಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿಟ್ಟ ಮೀನು.

"ಉಪ್ಪೂ ಇಲ್ಲ, ಖಾರನೂ ಇಲ್ಲ. ಇದ್ಕೇ ಅಂತ ಬೇರೆ ಪಾತ್ರೆ ಇಟ್ಟಿದೀನಿ ಮೇಷ್ಟ್ರೇ. ನಿಮ್ ಪ್ಯಾಕೆಟ್ನಾಗೆ ಎಂತ ಇರ್ತದೆ?"

ಮೆಕ್ಕೆಜೋಳ ಎಂದೆ.

"ಜೋಳನಾ? ಅದು ಕೋಳಿಗ್ ಹಾಕದಲ್ವಾ?"

ಮನೆಗೆ ಬಂದು ಪಟ್ಟಿಯನ್ನು ಮತ್ತೊಮ್ಮೆ ಓದಿದೆ.

ಆ ಭಾನುವಾರ ತೀರ್ಥಹಳ್ಳಿಯ ಅಕ್ಕನ ಮನೆಗೆ ಹೋಗುವಾಗ ಪೊಟ್ಟಣವನ್ನೂ ಒಯ್ದು, ಅವಳ ಬೀದಿಯಲ್ಲೇ ಇರುವ ಪಶುವೈದ್ಯೆಗೆ ತೋರಿಸಿದೆ. ಪಟ್ಟಿಯಲ್ಲಿ ಮೊದಲು ಬರುವ ಪದಾರ್ಥವೇ ತೂಕದಲ್ಲಿ ಹೆಚ್ಚಿರುವುದು, ಬೆಕ್ಕಿನ ಆಹಾರದಲ್ಲಿ ಆ ಜಾಗದಲ್ಲಿ ಮೀನೋ ಮಾಂಸವೋ ಇರಬೇಕು ಎಂದರು. ಟಾರಿನ್ ಎಂಬ ಅಂಶ ಇದೆಯೇ ಎಂದೂ ನೋಡಬೇಕಂತೆ. ಅದು ಸಾಲದಿದ್ದರೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ದಿನವೂ ಬರೀ ಬೇಯಿಸಿದ ಮೀನು ಕೊಟ್ಟರೆ ಅದೂ ಪೂರ್ತಿ ಆಹಾರವಲ್ಲ ಎಂದರು. ಈ ಕೊನೆಯ ಮಾತಿಗೆ ನನಗಾದ ಸಂತೋಷ ಹೇಳಿಕೊಳ್ಳುವಂಥದ್ದಲ್ಲ.

ಊಟಕ್ಕೆ ಕೂತಾಗ ಅಕ್ಕನಿಗೆ ನಮ್ಮ ಹಳದಿ ಬೆಕ್ಕನ್ನು ನೆನಪಿಸಿದೆ. ಅದು ಬರೀ ಹಾಲನ್ನದಲ್ಲೇ ಬದುಕಲಿಲ್ಲವೇ ಎಂದೆ. ಅವಳು ಬಡಿಸುವುದನ್ನು ನಿಲ್ಲಿಸಿ ನಕ್ಕಳು.

"ಅದು ನಮ್ಮನಿಗೆ ಮಲಗಕ್ಕೆ ಮಾತ್ರ ಬತ್ತಿತ್ತು ತಮಾ. ಮೀನು ತಿಂಬಲೆ ದಿನಾ ಹೊಳೆಬದಿ ಮನೆಗೆ ಹೋಗ್ತಿತ್ತು. ನೀನು ಬೇಲಿ ಹತ್ರ ನಿಂತ್ಕಂಡು ಅಳ್ತಿದ್ದೆ. ನೆನಪಿಲ್ಯನ?"

ಹಾಗಾದರೆ ಆ ಹಿತ್ತಾಳೆ ತಟ್ಟೆ?

"ಅದು ನೀನು ಉಣ್ತಿದ್ದ ತಟ್ಟೆ."

ಅಕ್ಕನ ನೆನಪೂ ನೆನಪೇ ತಾನೇ, ಅದನ್ನೇಕೆ ನಂಬಬೇಕು ಎಂದು ಬಸ್ಸಿನಲ್ಲಿ ವಾಪಸು ಬರುವಾಗ ವಾದಿಸಿಕೊಂಡೆ. ಆ ಬೇಲಿ ನನಗೆ ನೆನಪಾಗಲಿಲ್ಲ, ಅತ್ತದ್ದೂ ನೆನಪಾಗಲಿಲ್ಲ. ಆದರೆ ಬಟ್ಟೆ ಒಣಹಾಕುತ್ತ ನಿಂತಿದ್ದಾಗ ಹೊಟ್ಟೆಯಲ್ಲಿ ಎದ್ದ ಉರಿ ಮೊದಲ ಸಲದ್ದಾಗಿರಲಿಲ್ಲ. ಅಷ್ಟು ಮಾತ್ರ ಗೊತ್ತು.

ಮೀನಿನ ಹೆಸರು ಮೊದಲಿರುವ, ಟಾರಿನ್ ಇರುವ ಪೊಟ್ಟಣವನ್ನೇ ತಂದೆ. ಚುಕ್ಕೆ ಕಂದು. ಅಮ್ಮ ಅದನ್ನು ಹೊಸ್ತಿಲು ದಾಟಿಸಗೊಡಲಿಲ್ಲ. ಬೇರೆ ದಾರಿ ಕಾಣದೆ ಡ್ರೈವರ್ ಮನೆಯ ಹಿತ್ತಿಲ ಗೋಡೆಯ ಗೂಡಿನಲ್ಲಿ ಇಡಬಹುದೇ ಎಂದು ಕೇಳಿದೆ. ಅವರು ಗೂಡನ್ನು ಒರೆಸಿ ಜಾಗ ಮಾಡಿಕೊಟ್ಟರು. ಈಗ ದಿನಕ್ಕೆರಡು ಸಲ ನಾನೂ ಅಲ್ಲಿಗೆ ಹೋಗುತ್ತೇನೆ. ಅವರದೊಂದು ತಟ್ಟೆ, ನನ್ನದೊಂದು, ಒಂದೇ ಮೆಟ್ಟಿಲ ಮೇಲೆ.

"ಮೊದ್ಲು ಬೆಕ್ಕೊಂದೇ ಬರ್ತಿತ್ತು" ಎನ್ನುತ್ತಾರೆ ಅವರು ನನ್ನನ್ನು ನೋಡಿ.

ಮೊದಲ ದಿನ ಬೆಕ್ಕು ಎರಡೂ ತಟ್ಟೆಗಳನ್ನು ಮೂಸಿ, ನನ್ನದಕ್ಕೇ ಮೊದಲು ಬಾಯಿ ಹಾಕಿತು. ನನಗಿರುವ ನೆನಪು ಹಾಗೆ. ಅವರೂ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಹೌದೋ ಅಲ್ಲವೋ ಎಂದು ನಾನು ಅವರನ್ನು ಇದುವರೆಗೂ ಕೇಳಿಲ್ಲ.