ಹಿಂದಿನ ಸೀಟಿನ ಕಲೆ

ತಂಗಿಯ ಗಂಡ ಮೊದಲ ಸಲ ರಕ್ತ ಕಾರಿಕೊಂಡದ್ದು ಮುಳಬಾಗಿಲಿನ ಅವರ ಮನೆಯ ಹಾಲ್‌ನಲ್ಲಿ, ಕಾರ್ಪೆಟ್ಟಿನ ಮೇಲೆ. ಎರಡನೆಯ ಸಲ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ಪಕ್ಕದ ಮನೆಯವರು ಕಾರು ಓಡಿಸುತ್ತಿದ್ದರು. ಅವನ ತಲೆ ತಂಗಿಯ ತೊಡೆಯ ಮೇಲಿತ್ತು. ಕೋಲಾರದ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು.

ತಂಗಿಗೆ ಶ್ರೀನಿವಾಸಪುರದಲ್ಲಿ ಕೆಲಸ. ದಿನವೂ ಅದೇ ಕಾರಿನಲ್ಲಿ ಹೋಗಿಬರುತ್ತಿದ್ದಳು. ತಿಂಗಳ ನಂತರ ಮತ್ತೆ ಕೆಲಸಕ್ಕೆ ಹೊರಡಬೇಕಾದಾಗ ನನಗೆ ಫೋನ್ ಮಾಡಿದಳು.

"ಅಣ್ಣ, ಆ ಕಲೆ ಹೋದ್ರೆ ಕಾರಲ್ಲಿ ಕೂತ್ಕೋತೀನಿ. ಇಲ್ಲಾಂದ್ರೆ ನನ್ನ ಕೈಲಾಗಲ್ಲ."

"ಕಾರು ತೊಳೆಯೋರ ಹತ್ರ ಬಿಡೋಣ."

"ಬೇಡ. ಏನಾಯ್ತು ಅಂತ ಕೇಳ್ತಾರೆ."

ನಾನು ಕೋಲಾರದಲ್ಲಿ ಪತ್ರಿಕೆಯ ಡೆಸ್ಕಿನಲ್ಲಿರುವವನು. ಕೇಳದೆ ಯಾವುದನ್ನೂ ಒಪ್ಪುವುದಿಲ್ಲ. ಕಾರ್ಪೆಟ್ಟಿಗೂ ಕಾರಿಗೂ ಆಗುವ ಮೆಷಿನ್ ಬೇಕೆಂದು ಅಂಗಡಿಗೆ ಹೋದೆ. ಸೋಪಿನ ನೀರು ಚಿಮ್ಮಿಸಿ, ಕೊಳೆಯ ಸಮೇತ ಹೀರಿಕೊಳ್ಳುವ ಮೆಷಿನ್ ಅದು. ಎಷ್ಟು ಜೋರಾಗಿ ಹೀರುತ್ತದೆ, ವೈರ್ ಗೇಟಿನವರೆಗೆ ಬರುತ್ತದೆಯೇ, ಪೈಪಿನ ತುದಿ ಸೀಟಿನ ಸಂದಿಗೆ ಹೋಗುತ್ತದೆಯೇ, ಎಲ್ಲವನ್ನೂ ಕೇಳಿದೆ.

"ಸಾರ್, ಮೆಷಿನ್ ತಗೊಳ್ಳೋಕೆ ಬಂದಿದೀರೋ, ಹೆಣ್ಣು ನೋಡೋಕೋ?" ಎಂದ ಅಂಗಡಿಯವನು.

ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದೆಂದು ಇಬ್ಬರಿಂದ ಖಚಿತಪಡಿಸಿಕೊಂಡೆ.

ಭಾನುವಾರ ಮೆಷಿನ್ ತೆಗೆದುಕೊಂಡು ಮುಳಬಾಗಿಲಿಗೆ ಹೋದೆ; ತಂಗಿಗೆ ಜೊತೆಯಾಗಿ ಅಮ್ಮ ಅಲ್ಲೇ ಇದ್ದಳು. ಮಹಡಿಯ ಮೇಲೆ ಸುತ್ತಿಟ್ಟಿದ್ದ ಕಾರ್ಪೆಟ್ಟನ್ನು ಇಳಿಸಿದೆವು. ತಣ್ಣೀರು, ಡಬ್ಬಿಯಲ್ಲಿ ಬಂದ ಸೋಪು, ನಾಲ್ಕು ಸುತ್ತು. ಕಲೆ ಬಹುಮಟ್ಟಿಗೆ ಹೋಯಿತು. ತಂಗಿ ಬಗ್ಗಿ ಅಂಗೈಯಿಂದ ಸವರಿ ನೋಡಿದಳು. "ಇದು ಹೋಯ್ತಲ್ಲ, ಅದೂ ಹೋಗುತ್ತೆ ಬಿಡು" ಎಂದಳು. ಅಂದು ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಕಾರಿನ ಸೀಟಿನಲ್ಲಿ ಕಂದು ಕಲೆಯ ಸುತ್ತ ಹಳದಿಯಿತ್ತು. ಹಳೆಯ ರಕ್ತದ ಅಂಚಿರಬೇಕೆಂದುಕೊಂಡು ಸೋಪಿನ ನೀರು ಬಿಟ್ಟೆ. ಇಡೀ ಸೀಟು ಕೆಂಪಾಯಿತು. ಕಂದಲ್ಲ, ಆಗಷ್ಟೇ ಸುರಿದಂಥ ಕೆಂಪು. ಪೈಪಿನಲ್ಲಿ ಕೆಂಪು ನೀರು ಹರಿದು ಮೆಷಿನ್ನಿನ ಪಾರದರ್ಶಕ ಡಬ್ಬಿ ತುಂಬತೊಡಗಿತು. ವೈರ್ ಹಿಡಿದು ನಿಂತಿದ್ದ ತಂಗಿ ಅದನ್ನು ಕೈಬಿಟ್ಟು ಗೇಟಿಗೆ ಒರಗಿದಳು.

ಅಮ್ಮ ಒಳಗಿನಿಂದ ಓಡಿಬಂದಳು. "ಅಯ್ಯೋ ದೇವುಡಾ! ರಕ್ತ ಅಲ್ಲ ಕಣೇ, ಅರಿಶಿನ! ಸೂತಕ ಕಳೆದು ಶುದ್ಧ ಮಾಡಿದ ದಿನ ನಾನೇ ಒಂದು ಚೊಂಬು ಅರಿಶಿನದ ನೀರು ಹಾಕಿದ್ದೆ. ಸೋಪು ಬಿದ್ದು ಕೆಂಪಾಗಿದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕಲಸಲ್ವಾ, ಹಂಗೆ."

"ಗೊತ್ತಮ್ಮ" ಎಂದಳು ತಂಗಿ. "ಕಾರು ತಂದ ದಿನ ನನಗೂ ಅವರಿಗೂ ಈ ನೀರಲ್ಲೇ ಅಲ್ವಾ ಆರತಿ ಎತ್ತಿದ್ದು."

ಅಮ್ಮ ಬಾಗಿಲಲ್ಲೇ ಕುಳಿತುಬಿಟ್ಟಳು. ತಂಗಿ ಒಳಗೆ ಹೋದಳು.

ಅಂಗಡಿಯವನನ್ನು ಅಷ್ಟು ಪ್ರಶ್ನೆ ಕೇಳಿದ್ದ ನಾನು, ಸೀಟಿಗೆ ಏನಾದರೂ ಹಾಕಿದ್ದೀಯಾ ಎಂದು ಅಮ್ಮನನ್ನು ಕೇಳಿರಲಿಲ್ಲ.

ಬರಿನೀರು ಬಿಟ್ಟು ಸಂಜೆಯವರೆಗೆ ಹೀರಿಸಿದೆ. ಕೆಂಪು ಇಳಿದು ಹಳದಿ ಉಳಿಯಿತು. ರಕ್ತದ ಕಲೆ ನಿಜವಾಗಿಯೂ ಹೋಗಿತ್ತು. ಒಳಗೆ ಹೋಗಿ ಅದನ್ನು ಹೇಳಿದೆ. ಅವಳು ಎದ್ದು ಬಂದು ನೋಡಲಿಲ್ಲ. ಕಾರಿನ ಕೀ ತಂದು ನನ್ನ ಕೈಗಿಟ್ಟಳು.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗಾದರೂ ಬಿಡುತ್ತೇನೆಂದೆ.

"ಬೇಡ ಅಣ್ಣ, ನಡ್ಕೊಂಡು ಹೋಗ್ತೀನಿ."

ಗೇಟಿಗೆ ಕಾರಿನ ಪಕ್ಕದಲ್ಲೇ ದಾಟಿ ಹೋಗಬೇಕಿತ್ತು. ಅವಳು ಹಿತ್ತಿಲ ಬಾಗಿಲಿನಿಂದ ಹೋದಳು.