ಉಗ್ರಪ್ಪ ಮೇಷ್ಟ್ರ ಊಟದ ಹೊತ್ತು

ಬೇಲೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಉಗ್ರಪ್ಪ ಮೇಷ್ಟ್ರು ಪರೀಕ್ಷೆ ಕೊಠಡಿಗೆ ಕಾಲಿಟ್ಟರೆ ಹುಡುಗರ ಎದೆ ಧಸಕ್ಕೆನ್ನುತ್ತಿತ್ತು. ಕಾಲುಚೀಲ, ಕೊಡೆಯ ಹಿಡಿ, ಅಂಗಿಯ ಪಟ್ಟಿ, ಎಲ್ಲಿ ಚೀಟಿ ಅಡಗಿದ್ದರೂ ಎಳೆದು ತೆಗೆಯುತ್ತಿದ್ದರು. ತೆಗೆಯಲಿ, ಅದು ಅವರ ಕೆಲಸ. ಅಷ್ಟಕ್ಕೆ ಸುಮ್ಮನಿರುವ ಆಸಾಮಿಯೇ! ಸಂಜೆ ಅರಸೀಕೆರೆಯ ಮನೆಗೆ ಬಂದು, ಮುದ್ದೆ ಮುರಿಯುತ್ತಾ, ಆ ದಿನ ಹಿಡಿದವರ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಬೇಕು. ಹೆಂಡತಿ ಸಣ್ಣತಾಯಮ್ಮ, ಮಗಳು ಯಶೋಧರಾ ಕೇಳಬೇಕು.

"ಒಬ್ಳು ಕನಕಾಂಬರದ ದಂಡೆ ಒಳಗೆ ಚೀಟಿ ಸುತ್ತಿಟ್ಕೊಂಡಿದ್ಲು ಕಣೇ! ಗಂಡು ಮೇಷ್ಟ್ರುಗಳು ಜಡೆ ಮುಟ್ಟಲ್ಲ ಅಂತ ಗೊತ್ತವ್ಳಿಗೆ. ಪದೇ ಪದೇ ಹೂವಿಗೆ ಕೈ ಹಾಕಿ ಸಿಕ್ಕಾಕ್ಕೊಂಡ್ಲು. ಸುಮ್ನೆ ಕೂತಿದ್ರೆ ಯಾವನ್ ಬಂದ್ರೂ ಹಿಡೀತಿರ್ಲಿಲ್ಲ."

ಕಥೆ ಕೊನೆಗೆ ಬಂದು ಬೀಳುತ್ತಿದ್ದದ್ದು ಮಗಳ ತಲೆಯ ಮೇಲೆ. "ನೀನು ಒಂದು ಮಾರ್ಕು ಕಮ್ಮಿ ತಗೊಂಡ್ರೂ ಕೋಟಾದೋರು ಅಂತ ಮೂತಿ ತಿರುವ್ತಾರೆ. ರ‍್ಯಾಂಕು ಬರ್ಲೇಬೇಕು."

ಸುಳ್ಳಲ್ಲ. ಆ ಮೂತಿಗಳನ್ನು ಅವರು ಜೀವಮಾನವಿಡೀ ನೋಡಿದ್ದರು, ಉರಿದಿದ್ದರು. ಆದರೆ ಮಗಳು ತೊಂಬತ್ತು ತಂದ ದಿನವೂ "ಮಿಕ್ಕ ಹತ್ತು ಎಲ್ಲೋಯ್ತು?" ಎಂದೇ ಕೇಳಿದರು. ಭೇಷ್ ಅನ್ನುವ ಮಾತು ಆ ಬಾಯಲ್ಲಿ ಹುಟ್ಟಲೇ ಇಲ್ಲ. ಬಾಣಾವರದ ನೆಂಟರಿಗೆ ಮಾತ್ರ ಮಗಳ ರ‍್ಯಾಂಕನ್ನು ಆಗಲೇ ಹಂಚಿಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ!

ಕೊನೆಯ ವರ್ಷದ ಬಿಎಸ್ಸಿ ಪರೀಕ್ಷೆಯ ಬೆಳಿಗ್ಗೆ, ಅರಸೀಕೆರೆಯ ಕಾಲೇಜಿನಲ್ಲೇ ಓದುತ್ತಿದ್ದ, ಎಂದೂ ಹೂ ಮುಡಿಯದ ಯಶೋಧರಾ ಕನಕಾಂಬರ ಬೇಕೆಂದಳು. ಸಣ್ಣತಾಯಮ್ಮನಿಗೆ ಹಿಗ್ಗೋ ಹಿಗ್ಗು. "ಇವತ್ತಾದ್ರೂ ಹೆಣ್ಣುಮಗಳ ಥರ ಕಾಣ್ತೀಯ" ಎಂದು ದಂಡೆ ಕೊಟ್ಟರು. ಯಶೋಧರಾ ಬಾಗಿಲು ಹಾಕಿಕೊಂಡು ತಾನೇ ಮುಡಿದಳು.

ಪರೀಕ್ಷೆಯಲ್ಲಿ ಅವಳು ಹೂವಿಗೆ ಕೈ ಹಾಕಲಿಲ್ಲ, ತಲೆ ಎತ್ತಲಿಲ್ಲ, ಬರೆದಳು. ಆದರೆ ಮೇಷ್ಟ್ರು ಆ ಕಥೆಯನ್ನು ಮನೆಯಲ್ಲಷ್ಟೇ ಹೇಳಿದ್ದರೇ? ಕಂಡಕಂಡವರಿಗೆಲ್ಲ ಹೇಳಿ, ಅದು ಕಾಲೇಜು ಕಾಲೇಜು ಸುತ್ತಿತ್ತು. ಅವತ್ತು ತಪಾಸಣೆಗೆ ಬಂದ ಹೆಂಗಸು ಹೂ ಮುಡಿದ ಪ್ರತಿ ಹುಡುಗಿಯ ದಂಡೆಯನ್ನೂ ಬಿಚ್ಚಿಸಿದಳು. ಯಶೋಧರಾಳ ದಂಡೆಯಿಂದ ಚೀಟಿ ಬಿತ್ತು. ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು ಆದೇಶವಾಯಿತು.

"ಯಾರೇ ನಿಂಗಿದನ್ನ ಕಲಿಸಿದ್ದು?" ಉಗ್ರಪ್ಪನವರು ಅಬ್ಬರಿಸಿದರು.

"ನೀವೇ ಅಲ್ವಾ ಅಪ್ಪ. ಇಲ್ಲೇ ಕೂತ್ಕೊಂಡು ಹೇಳಿದ್ರಿ."

ಮೇಷ್ಟ್ರ ದನಿ ಇಳಿಯಿತು. "ಅಷ್ಟು ಓದಿದ್ಯಲ್ಲೇ, ಬತ್ತಿರ್ಲಿಲ್ವಾ?"

"ಎಲ್ಲಾ ಬತ್ತಿತ್ತು. ಚೀಟಿ ಬಿಚ್ಚೇ ಇಲ್ಲ. ಆದ್ರೆ ನಂಗೆ ಬತ್ತೈತೆ ಅಂತ ಈ ಮನೇಲಿ ಯಾರು ಯಾವತ್ತು ಹೇಳಿದ್ರಿ? ಆ ಚೀಟಿ ತಲೇಲಿದ್ರೆ ಧೈರ್ಯ ಅಂತ ಇಟ್ಕೊಂಡೆ."

ಆಗಲಾದರೂ ಆ ಮನುಷ್ಯ ಮಗಳ ತಲೆ ಸವರಬಾರದಿತ್ತೇ! "ನಮ್ಮೋರ ಮಾನ ತೆಗೆದೆ" ಎಂದು ಎದ್ದು ಹೋದರು. ಮುಂದೆ ಊಟದ ಹೊತ್ತಿಗೆ ಕಥೆಗಳು ನಿಂತವು, ಮಾತೂ ನಿಂತಿತು. ಯಶೋಧರಾ ಹೊಲಿಗೆ ಕಲಿತು ಬೀದಿಯವರ ರವಿಕೆ ಹೊಲಿಯತೊಡಗಿದಳು.

ಶಿಕ್ಷೆಯ ಅವಧಿ ಮುಗಿದ ದಿನ ಮೇಷ್ಟ್ರು ಹೊಲಿಗೆ ಯಂತ್ರದ ಪಕ್ಕ ಬಂದು ನಿಂತರು.

"ನಿಂಗೆ ಎಲ್ಲಾ ಬತ್ತೈತೆ ಕಣವ್ವ. ನಂಗೊತ್ತು. ಈ ಸಲ ಹೋಗಿ ಬರಿ."

ಯಶೋಧರಾ ಯಂತ್ರ ನಿಲ್ಲಿಸಲಿಲ್ಲ.

"ಬತ್ತಿತ್ತು ಅಪ್ಪ" ಎಂದಳು. "ಈಗ ಮರ್ತೋಗೈತೆ."