ಕೆಂಚವೀರಪ್ಪನವರ ಒಪ್ಪಿಗೆಪತ್ರ

ಹರಿಹರದ ಉಪನೋಂದಣಿ ಕಚೇರಿಯ ಎದುರು ಕೆಂಚವೀರಪ್ಪ ನಲವತ್ತು ವರ್ಷ ಕ್ರಯಪತ್ರ ಬರೆದವರು. ಹೆಬ್ಬೆಟ್ಟು ಒತ್ತುವವರಿಗೂ ಪತ್ರವನ್ನು ಪೂರ್ತಿ ಓದಿ ಹೇಳದೆ ಬಿಟ್ಟವರಲ್ಲ.

ಹೋದ ವರ್ಷ ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಅಪ್ಪನಿಗೆ ತಿಳಿಯಬಾರದೆಂದು ಮಗ ಬಕ್ಕೇಶ್ ಅದಕ್ಕೆ ಅಲ್ಸರ್ ಎಂದು ಹೆಸರಿಟ್ಟ. ನೆಂಟರಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರೂ ಅಲ್ಸರ್ ಎಂದೇ ಹೇಳಿದರು. ಒಂದು ಅಲ್ಸರಿಗಾಗಿ ಮುಕ್ಕಾಲು ಜಠರ ಕತ್ತರಿಸಿ ತೆಗೆದದ್ದು ಹೆಚ್ಚಾಯಿತೆಂದು ಯಾರಿಗೂ ಅನಿಸಲಿಲ್ಲ.

ತೊಡಕು ಬಂದದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ಆಪರೇಷನ್ ಆದವರು ಹೇಗಿದ್ದಾರೆಂದು ಐದು ವರ್ಷ ಗಮನಿಸುವ ಸಂಶೋಧನೆಯೊಂದಕ್ಕೆ ರೋಗಿಯ ಒಪ್ಪಿಗೆ ಬೇಕಿತ್ತು. ಪತ್ರ ನಾಲ್ಕು ಪುಟವಿತ್ತು, ಪುಟಪುಟದಲ್ಲೂ ಕ್ಯಾನ್ಸರ್ ಎಂಬ ಪದವಿತ್ತು.

"ಓದೋದೇನ್ ಬ್ಯಾಡಪ್ಪ, ಕೊನೇ ಪುಟದಾಗ ಸಹಿ ಹಾಕು ಸಾಕು," ಎಂದ ಬಕ್ಕೇಶ್.

ಕೆಂಚವೀರಪ್ಪ ಕನ್ನಡಕ ಏರಿಸಿಕೊಂಡು ನಾಲ್ಕೂ ಪುಟ ಓದಿದರು. ಒಂದು ಕಡೆ ಬಿಟ್ಟುಹೋಗಿದ್ದ ದಿನಾಂಕ ತುಂಬಿದರು. ಪ್ರತಿ ಪುಟಕ್ಕೂ ಸಹಿ ಹಾಕಿದರು. ಬಕ್ಕೇಶ್ ನಿಂತಲ್ಲೇ ಬೆವೆತ.

"ಏನಂತ ಬರ್ದಾರಪ್ಪ?"

ನಲವತ್ತು ವರ್ಷಗಳಲ್ಲಿ ಮೊದಲ ಸಲ ಕೆಂಚವೀರಪ್ಪ ಪತ್ರದಲ್ಲಿ ಇಲ್ಲದ್ದನ್ನು ಓದಿ ಹೇಳಿದರು.

"ಅಲ್ಸರ್ ಅಂತ ಐತೆ. ನೀನು ಹೆದರಬ್ಯಾಡ."